ಮುರಕಲ್ಲಿಗೆ ಒಗ್ಗುವ ಗಾಲಿ

ನೆಕ್ರಾಜೆ ಕಡೆ ಮುರಕಲ್ಲಿಗೆ ಬರವಿಲ್ಲ. ಪದವಿನ ಮೇಲೆ ಬಿಸಿಲುಂಡು ಕರ್ರಗಾದ ಪಾರೆ, ಕಲ್ಲು ಕಡಿದು ಬಿಟ್ಟ ಕೋರೆಯ ಮೆಟ್ಟಿಲು ಮೆಟ್ಟಿಲಾದ ಗೋಡೆ. ರಿಮೋಟಿನಲ್ಲಿ ಓಡುವ ರಾಕ್ ಕ್ರಾಲರಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗದು. ಇದು ರೇಸಿನ ಕಾರಲ್ಲ. ಜೀಪಿನ ಹತ್ತರಲ್ಲೊಂದು ಅಳತೆ, ಎರಡೂವರೆ ಮೂರು ಕಿಲೋ ತೂಕ, ಒಂದೊಂದೇ ಕಲ್ಲನ್ನು ಹಿಡಿದು ನಿಧಾನವಾಗಿ ಏರುವ ಬಂಡಿ. ಆಕ್ಸಿಯಲ್‌ನ ಎಸ್‌ಸಿಎಕ್ಸ್10, ಟ್ರಾಕ್ಸಾಸ್‌ನ ಟಿಆರ್‌ಎಕ್ಸ್-4 ಈ ಜಾತಿಯವು. ಕೊಂಡವರು ಸಾಮಾನ್ಯವಾಗಿ ಮೋಟರಿಗೂ ಬ್ಯಾಟರಿಗೂ ದುಡ್ಡು ಸುರಿಯುತ್ತಾರೆ. ಅದಕ್ಕೂ ಮೊದಲು ಟೈರು ಬಿಚ್ಚಿ ಒಳಗಿನ ಫೋಮನ್ನು ನೋಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ಟೈರಿಗೆ ಗಾಳಿ ಹೊಡೆಯುವುದಿಲ್ಲ. ಬಂಡಿಯ ಭಾರ ಹೊರುವುದು ಒಳಗಿನ ಫೋಮಿನ ಬಳೆ. ಅದು ಗಟ್ಟಿಯಾದರೆ ಕಲ್ಲಿನ ಮೂಲೆಗೆ ರಬ್ಬರಿನ ಒಂದೆರಡು ಗುಬಟು ಮಾತ್ರ ತಾಗುತ್ತದೆ, ಗಾಲಿ ಸುಮ್ಮನೆ ಉಜ್ಜುತ್ತದೆ. ತೀರಾ ಮೆತ್ತಗಾದರೆ ಓರೆ ಪಾರೆಯಲ್ಲಿ ಟೈರಿನ ಪಕ್ಕ ಮಡಚಿ ಬಂಡಿ ಮಗುಚುತ್ತದೆ.

ಫೋಮಿನಲ್ಲಿ ಎರಡು ಬಗೆ. ಸೋಫಾಕ್ಕೆ ಹಾಕುವ ಸ್ಪಂಜಿನಲ್ಲಿ ಗಾಳಿಗೂಡುಗಳ ಬಾಯಿ ತೆರೆದಿರುತ್ತದೆ. ಒತ್ತಿದಷ್ಟೂ ತಗ್ಗುತ್ತದೆ, ನೀರನ್ನೂ ಕುಡಿಯುತ್ತದೆ. ಚಪ್ಪಲಿಯ ಇವಿಎ ಹಾಳೆಯಲ್ಲಿ ಗೂಡುಗಳು ಮುಚ್ಚಿರುತ್ತವೆ. ನೀರು ಹೀರದು, ಬೇಗ ಬಗ್ಗದು. ನಮ್ಮ ನೆಲಕ್ಕೆ ಎರಡೂ ಬೇಕು: ರಿಮ್ಮಿಗೆ ತಾಗಿ ಗಟ್ಟಿ ಬಳೆ, ಅದರ ಹೊರಗೆ ಮೆತ್ತಗಿನದು. ಹೊರಬಳೆ ಕಲ್ಲಿನ ಆಕಾರಕ್ಕೆ ತಗ್ಗುತ್ತದೆ, ಒಳಬಳೆ ಪಕ್ಕವನ್ನು ಮಡಚಲು ಬಿಡುವುದಿಲ್ಲ. ಇಂಥ ಜೋಡಿ ಫೋಮ್ ತಯಾರಾಗಿಯೇ ಸಿಗುತ್ತದೆ. ಕೊಳ್ಳುವಾಗ 1.9 ಇಂಚು, 2.2 ಇಂಚು ಎಂಬ ರಿಮ್ಮಿನ ಅಳತೆಯೊಂದನ್ನೇ ನೋಡಿದರೆ ಸಾಲದು, ಟೈರಿನ ಒಳವ್ಯಾಸವನ್ನೂ ಅಗಲವನ್ನೂ ಅಳೆಯಬೇಕು. ಫೋಮ್ ದೊಡ್ಡದಾದರೆ ಟೈರು ಉಬ್ಬಿ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ಸಣ್ಣದಾದರೆ ಒಳಗೇ ಸುತ್ತುತ್ತದೆ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಸರಿಯುವುದರಿಂದ ಹಿಂದಿನ ಜೋಡಿ ತುಸು ಗಟ್ಟಿಯಿರಲಿ. ಬ್ಯಾಟರಿ ಇಟ್ಟು ಬಂಡಿಯನ್ನು ಕಲ್ಲಿನ ಮೇಲೆ ನಿಲ್ಲಿಸಿ ನೋಡಿ: ಟೈರಿನ ಪಕ್ಕದ ಎತ್ತರದಲ್ಲಿ ಕಾಲುಭಾಗ ತಗ್ಗಿದರೆ ನನಗೆ ಸಮಾಧಾನ.

ಇನ್ನು ಗಾಲಿಯ ಗಾಳಿ ಹೊರಹೋಗುವ ತೂತಿನ ವಿಚಾರ. ಇದನ್ನು ಹೆಚ್ಚಿನವರು ಲೆಕ್ಕಕ್ಕೇ ಇಡುವುದಿಲ್ಲ. ಟೈರಿನ ಅಂಚನ್ನು ಸ್ಕ್ರೂ ಬಿಗಿದು ಹಿಡಿಯುವ ಬೀಡ್‌ಲಾಕ್ ರಿಮ್ಮು ರಬ್ಬರನ್ನು ಬಿಗಿಯಾಗಿ ಕಚ್ಚಿದಾಗ ಒಳಗಿನ ಗಾಳಿಗೆ ಹೊರದಾರಿ ಇಲ್ಲ. ಆಗ ಎಂಥ ಒಳ್ಳೆಯ ಫೋಮ್ ಇದ್ದರೂ ಗಾಲಿ ಚೆಂಡಿನಂತೆ ಪುಟಿಯುತ್ತದೆ. ಹಾಗಾಗಿ ಹಲವು ರಿಮ್ಮುಗಳಲ್ಲಿ ಮೊದಲೇ ತೂತಿರುತ್ತದೆ. ಬೇಸಿಗೆಯ ಒಣ ಪಾರೆಗೆ ಅದು ಸಾಕು. ಮಳೆಗಾಲದಲ್ಲಿ ಸಾಲದು. ಮುರಕಲ್ಲಿನ ಹೊಂಡಗಳಲ್ಲಿ ನಿಂತ ಕೆಂಪು ನೀರು ರಿಮ್ಮಿನ ತೂತಿನಿಂದ ಒಳಗೆ ಹೋಗುತ್ತದೆ, ನಡುವಿನಲ್ಲಿರುವ ಆ ತೂತಿನಿಂದ ಹೊರಬರುವುದೇ ಇಲ್ಲ, ಗಾಲಿ ತಿರುಗಿದಂತೆ ಹೊರಸುತ್ತಿಗೆ ಸರಿದು ಅಲ್ಲೇ ಉಳಿಯುತ್ತದೆ. ಹೊರಬಳೆ ಸ್ಪಂಜು ಅದನ್ನು ಕುಡಿದು ಗಾಲಿ ಭಾರವಾಗುತ್ತದೆ, ಜೊತೆಗೆ ಬಂದ ಹರಳು ಫೋಮನ್ನು ಅರೆಯುತ್ತದೆ. ಅದಕ್ಕೆ ರಿಮ್ಮಿನ ತೂತಿಗೆ ಒಳಗಿನಿಂದ ಟೇಪು ಅಂಟಿಸಿ, ಟೈರಿನ ನೆಲ ತಾಗುವ ಮೈಯಲ್ಲಿ, ಗುಬಟುಗಳ ನಡುವಿನ ಸಂದಿಯಲ್ಲಿ, ಎದುರುಬದುರಾಗಿ ಎರಡು ತೂತು ಮಾಡುವುದು ಲೇಸು. ಚರ್ಮ ತೂತು ಮಾಡುವ ಪಂಚಿನಲ್ಲಿ ಮೂರು ನಾಲ್ಕು ಮಿಲಿಮೀಟರ್ ಗಾತ್ರಕ್ಕೆ ದುಂಡಗೆ ತೆಗೆದರೆ ಅಂಚು ಹರಿಯುವುದಿಲ್ಲ. ಬ್ಲೇಡಿನಲ್ಲಿ ಸೀಳಿದರೆ ಸೀಳು ಬೆಳೆಯುತ್ತದೆ. ಗಾಲಿ ತಿರುಗಿದಾಗ ನೀರು ತಾನಾಗಿ ಹೊರಗೆ ಚಿಮ್ಮುತ್ತದೆ.

ರಬ್ಬರು ಹರಿಯುವ ಭಯವನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಕಂಡು, 1807ರಲ್ಲಿ ಅಚ್ಚಾದ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ ಕಲ್ಲೂ ಈ ಮುರಕಲ್ಲೇ. ನೆಲದಡಿಯಲ್ಲಿ ಕತ್ತಿಗೆ ಸಿಗುವಷ್ಟು ಮೆದು, ಗಾಳಿಗೆ ಬಂದ ಮೇಲೆ ಗಡಸು. ಹಳೆಯ ಕೋರೆಯ ಅಂಚು ಮೆತ್ತನೆಯ ರಬ್ಬರನ್ನು ಕೊಯ್ದುಬಿಡುತ್ತದೆ. ಆಟಿಯ ಮಳೆಗೆ ಹಾವಸೆ ಕಟ್ಟಿದ ಪಾರೆಯಲ್ಲಂತೂ ಎಂಥ ಫೋಮೂ ಸೋಲುತ್ತದೆ, ಅಲ್ಲಿ ಆಡಿಸಲೇಬಾರದು. ನೀರಿನಲ್ಲಿ ಆಡಿಸಿದ ದಿನ ರಾತ್ರಿಯೇ ಬೀಡ್‌ಲಾಕಿನ ಸ್ಕ್ರೂ ಬಿಚ್ಚಿ, ಫೋಮನ್ನು ಹಿಂಡದೆ ಬಟ್ಟೆಯಲ್ಲಿ ಒತ್ತಿ, ಅಡುಗೆಮನೆಯ ಅಟ್ಟದ ಮೇಲೆ ಒಣಗಲು ಇಡಿ.