ನಿನ್ನೆ ಇರದಿದ್ದ ಚುಕ್ಕಿ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಪಾದ್ರಿಯಾಗಿದ್ದ ರಾಬರ್ಟ್ ಇವಾನ್ಸ್ ಅವರಿಗೆ ನೂರಾರು ಗೆಲಾಕ್ಸಿಗಳ ಚಹರೆ ಕಂಠಪಾಠವಾಗಿತ್ತು. ದೂರದರ್ಶಕವನ್ನು ಒಂದರಿಂದ ಇನ್ನೊಂದಕ್ಕೆ ಸರಸರನೆ ತಿರುಗಿಸುತ್ತ, ಹಿಂದೆ ಇರದಿದ್ದ ಚುಕ್ಕಿ ಎಲ್ಲಾದರೂ ಕಾಣುತ್ತದೆಯೇ ಎಂದು ನೋಡುವುದು ಅವರ ರಾತ್ರಿಯ ಕೆಲಸ. ಕ್ಯಾಮೆರಾ ಇಲ್ಲದೆ ಕಣ್ಣನ್ನೇ ನೆಚ್ಚಿ ಅವರು ಪತ್ತೆ ಮಾಡಿದ ಸಿಡಿದು ಸಾಯುವ ತಾರೆಗಳು, ಅಂದರೆ ಸೂಪರ್‌ನೋವಾಗಳು 40ಕ್ಕೂ ಹೆಚ್ಚು. 2022ರಲ್ಲಿ ತೀರಿಕೊಂಡ ಅವರ ದಾಖಲೆಯನ್ನು ಇನ್ನು ಯಾರೂ ಮುರಿಯಲಾರರು. ಹಾಗೆ ನೋಡುವ ಪದ್ಧತಿಯೇ ಈಗ ಹೋಗಿದೆ.

ಬೇರೆಯವರ ಗೆಲಾಕ್ಸಿಗಳನ್ನು ಇಣುಕುವುದಾದರೂ ಯಾಕೆ? ನಮ್ಮ ಆಕಾಶಗಂಗೆಯಲ್ಲಿ ಎಲ್ಲರ ಬರಿಗಣ್ಣಿಗೂ ಕಂಡ ಕೊನೆಯ ಸೂಪರ್‌ನೋವಾ 1604ರದ್ದು. ಒಂದೇ ಗೆಲಾಕ್ಸಿಯನ್ನು ಕಾಯುತ್ತ ಕೂತರೆ ತಲೆಮಾರುಗಳು ಕಳೆದಾವು. ಸಾವಿರಾರು ಗೆಲಾಕ್ಸಿಗಳ ಮೇಲೆ ಕಣ್ಣಿಟ್ಟರೆ ವರ್ಷಕ್ಕೆ ಹತ್ತಾರಾದರೂ ಸಿಗುತ್ತವೆ. ಈ ಲೆಕ್ಕಾಚಾರವನ್ನು ಹಿಡಿದು 1936ರಲ್ಲೇ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದಲ್ಲಿ ಬೇಟೆಗಿಳಿದವರು ಫ್ರಿಟ್ಜ್ ಜ್ವಿಕಿ. ಅವರ ಹೆಸರನ್ನೇ ಹೊತ್ತ ಇಂದಿನ ಸಮೀಕ್ಷೆಯ ಕ್ಯಾಮೆರಾ ಅದೇ ಬೆಟ್ಟದಿಂದ ಉತ್ತರದ ಇಡೀ ಆಕಾಶವನ್ನು ಕೆಲವೇ ರಾತ್ರಿಗಳಲ್ಲಿ ಗುಡಿಸಿ ಮುಗಿಸುತ್ತದೆ. ಹೊಸ ಚಿತ್ರದಿಂದ ಹಳೆಯ ಚಿತ್ರವನ್ನು ಕಂಪ್ಯೂಟರ್ ಕಳೆಯುತ್ತದೆ. ಉಳಿದದ್ದರ ಮೇಲೆ ಅನುಮಾನ.

ಅನುಮಾನ ಅಷ್ಟೇ. ಉಳಿದದ್ದು ದಾರಿಯಲ್ಲಿ ಸಿಕ್ಕ ಕ್ಷುದ್ರಗ್ರಹವಾಗಿರಬಹುದು, ಮಿಣುಕುವ ಸಾಮಾನ್ಯ ತಾರೆಯಾಗಿರಬಹುದು, ಕ್ಯಾಮೆರಾದ್ದೇ ದೋಷವೂ ಆಗಿರಬಹುದು. ಹಾಗಾಗಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ದಾಖಲೆಯಲ್ಲಿ ಮೊದಲು ಸಿಗುವುದು ‘ಎಟಿ’ ಎಂಬ ತಾತ್ಕಾಲಿಕ ಹಣೆಪಟ್ಟಿ. ‘ಎಸ್‌ಎನ್’ ಆಗಬೇಕಾದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ರೋಹಿತವನ್ನು ಓದಬೇಕು. ಕಸುಬಿನ ನಿಜವಾದ ಕಷ್ಟ ಇಲ್ಲಿದೆ. ಚಿತ್ರ ತೆಗೆಯುವ ಕ್ಯಾಮೆರಾ ಒಂದೇ ಏಟಿಗೆ ಸಾವಿರಾರು ಗೆಲಾಕ್ಸಿಗಳನ್ನು ಹಿಡಿಯುತ್ತದೆ. ರೋಹಿತಕ್ಕಾದರೆ ಸಾಮಾನ್ಯವಾಗಿ ಒಂದೊಂದು ಚುಕ್ಕಿಗೂ ದೂರದರ್ಶಕವನ್ನು ಪ್ರತ್ಯೇಕವಾಗಿ ತಿರುಗಿಸಿ ಕಾಯಬೇಕು. ಸಿಕ್ಕ ಚುಕ್ಕಿಗಳಲ್ಲಿ ಬಹುಪಾಲು ಜಾತಿ ತಿಳಿಯದೆಯೇ ಮಸುಕಾಗಿ ಹೋಗುತ್ತವೆ.

ಓದುವ ಕ್ರಮಕ್ಕೆ 1941ರಲ್ಲಿ ಅಡಿಪಾಯ ಹಾಕಿದವರು ರುಡಾಲ್ಫ್ ಮಿಂಕೋವ್‌ಸ್ಕಿ. ಜಲಜನಕದ ಗುರುತು ಇಲ್ಲದಿದ್ದರೆ ಒಂದನೇ ಬಗೆ, ಇದ್ದರೆ ಎರಡನೇ ಬಗೆ. ಒಂದನೆಯದನ್ನು ಆಮೇಲೆ ಒಡೆಯಲಾಯಿತು: ಸಿಲಿಕಾನ್ ಎದ್ದು ಕಂಡರೆ ‘ಒಂದು-ಎ’, ಹೀಲಿಯಂ ಕಂಡರೆ ‘ಒಂದು-ಬಿ’, ಎರಡೂ ಇಲ್ಲದ್ದು ‘ಒಂದು-ಸಿ’. ಸಿಲಿಕಾನಿನ ಗೆರೆ ಇರಬೇಕಾದದ್ದು 635 ನ್ಯಾನೊಮೀಟರ್ ಬಳಿ. ಆದರೆ ಸಿಡಿದ ದ್ರವ್ಯ ಸೆಕೆಂಡಿಗೆ ಸುಮಾರು 10,000 ಕಿ.ಮೀ. ವೇಗದಲ್ಲಿ ನಮ್ಮತ್ತ ನುಗ್ಗುತ್ತಿರುವುದರಿಂದ ಅದು 615ರ ಸುಮಾರಿಗೆ ಜಾರಿ, ಅಲ್ಲೊಂದು ಆಳವಾದ ತಗ್ಗು ಮೂಡುತ್ತದೆ. ಪಳಗಿದವರಿಗೆ ಆ ತಗ್ಗೊಂದೇ ಸಾಕು: ಸಿಡಿದದ್ದು ಶ್ವೇತಕುಬ್ಜ, ಅಂದರೆ ಉರಿದು ಮುಗಿದ ತಾರೆಯ ಗಟ್ಟಿ ತಿರುಳು. ಉಳಿದ ಬಗೆಗಳಲ್ಲಿ ದೈತ್ಯ ತಾರೆಯ ಒಡಲು ಕುಸಿದಿರುತ್ತದೆ. ‘ಒಂದು-ಎ’ ಸ್ಫೋಟಗಳನ್ನೇ ದೂರದ ಅಳತೆಗೋಲು ಮಾಡಿಕೊಂಡು 1998ರಲ್ಲಿ ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು ತೋರಿಸಿದವರಿಗೆ 2011ರ ನೊಬೆಲ್ ಬಂತು.

ಯಂತ್ರಗಳ ಈ ಕಾಲದಲ್ಲೂ ಹವ್ಯಾಸಿಗಳು ಹಿಂದೆ ಬಿದ್ದಿಲ್ಲ. 2023ರ ಮೇ 19ರಂದು ಜಪಾನಿನ ಕೊಯಿಚಿ ಇಟಗಾಕಿ ಅವರು ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಎಂ101 ಗೆಲಾಕ್ಸಿಯಲ್ಲಿ ಹೊಸ ಚುಕ್ಕಿಯೊಂದನ್ನು ಕಂಡರು. ದೂರ ಸುಮಾರು 2 ಕೋಟಿ 10 ಲಕ್ಷ ಜ್ಯೋತಿರ್ವರ್ಷ. ಈ ಲೋಕದಲ್ಲಿ ಅದು ಪಕ್ಕದ ಬೀದಿ. ಕೆಲವೇ ಗಂಟೆಗಳಲ್ಲಿ ರೋಹಿತ ಸಿಕ್ಕಿ, ಎರಡನೇ ಬಗೆ ಎಂಬುದು ಖಚಿತವಾಗಿ ‘ಎಸ್‌ಎನ್ 2023ಐಎಕ್ಸ್‌ಎಫ್’ ಎಂಬ ಹೆಸರು ನಿಂತಿತು.

ಅದರ ಬೆನ್ನು ಹತ್ತಿದವರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೂ ಇದ್ದರು. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಅವರ 2 ಮೀಟರ್ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಉಸಿರು ಕಟ್ಟುವ ಎತ್ತರಕ್ಕೆ ಹೋಗದೆಯೇ ವೀಕ್ಷಕರು ಅಲ್ಲಿನ ಸ್ವಚ್ಛ ಆಕಾಶವನ್ನು ಬಳಸುತ್ತಾರೆ. ದೂರದರ್ಶಕಕ್ಕಿರುವ ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದು. ಶ್ವೇತಕುಬ್ಜ ಸೂರ್ಯನ 1.4 ಪಟ್ಟಿಗಿಂತ ಹೆಚ್ಚು ತೂಗಿದರೆ ತಾಳಲಾರದು ಎಂದು ಲೆಕ್ಕ ಹಾಕಿದವರು ಅವರೇ.

ಇನ್ನು ನೋವಾ. ಇದರಲ್ಲಿ ತಾರೆ ಸಾಯುವುದಿಲ್ಲ. ಜೊತೆಗಾರ ತಾರೆಯಿಂದ ಸೆಳೆದುಕೊಂಡ ಜಲಜನಕ ಶ್ವೇತಕುಬ್ಜದ ಮೈಮೇಲೆ ಶೇಖರವಾಗಿ ಹೊತ್ತಿಕೊಳ್ಳುತ್ತದೆ, ಅಷ್ಟೇ. ಸೂಪರ್‌ನೋವಾದ ಮುಂದೆ ತೀರಾ ಮಂಕಾದ್ದರಿಂದ ನಮ್ಮ ಆಕಾಶಗಂಗೆಯ ಆಚೆ ನೆರೆಯ ಗೆಲಾಕ್ಸಿಗಳಲ್ಲಿ ಮಾತ್ರ ಕಾಣಸಿಗುತ್ತದೆ. ದೇವಯಾನಿ ಗೆಲಾಕ್ಸಿಯೊಂದರಲ್ಲೇ ವರ್ಷಕ್ಕೆ ಹತ್ತಾರು. 1923ರ ಅಕ್ಟೋಬರ್‌ನಲ್ಲಿ ಎಡ್ವಿನ್ ಹಬಲ್ ಅಲ್ಲಿ ಹುಡುಕುತ್ತಿದ್ದದ್ದೂ ನೋವಾಗಳನ್ನೇ. ಫೋಟೊ ತಟ್ಟೆಯ ಮೇಲೆ ಒಂದು ಚುಕ್ಕಿಗೆ ನೋವಾದ ಗುರುತು ಹಾಕಿ, ಆಮೇಲೆ ಅದನ್ನು ಹೊಡೆದುಹಾಕಿ, ‘ಚಂಚಲ ತಾರೆ’ ಎಂದು ಉದ್ಗಾರ ಚಿಹ್ನೆಯೊಂದಿಗೆ ಬರೆದರು. ಮಿಣುಕಿನ ಲಯದಿಂದ ಅದರ ದೂರ ತಿಳಿಯಿತು. ಆ ತಪ್ಪಿದ ಬೇಟೆಯಿಂದಲೇ ದೇವಯಾನಿ ನಮ್ಮ ಆಕಾಶಗಂಗೆಯ ಆಚೆಗಿದೆ ಎಂಬುದು ಸಿದ್ಧವಾದದ್ದು.

ಅದೇ ಗೆಲಾಕ್ಸಿಯಲ್ಲಿ 2008ರಲ್ಲಿ ಸಿಕ್ಕ ಒಂದು ನೋವಾ ಹೆಚ್ಚುಕಡಿಮೆ ಪ್ರತಿ ವರ್ಷ ಸಿಡಿಯುತ್ತದೆ. ಅಂಥದ್ದಾಗಬೇಕಾದರೆ ಶ್ವೇತಕುಬ್ಜ ಚಂದ್ರಶೇಖರ್ ಮಿತಿಯ ತೀರಾ ಹತ್ತಿರ ಇರಬೇಕು. ಅದು 20,000 ವರ್ಷದೊಳಗೆ ಆ ಮಿತಿ ಮುಟ್ಟೀತು ಎಂಬ ಅಂದಾಜಿದೆ. ಒಡಲಲ್ಲಿ ಇಂಗಾಲವಿದ್ದರೆ ಆಗ ‘ಒಂದು-ಎ’ ಸೂಪರ್‌ನೋವಾ. ಸದ್ಯಕ್ಕೆ ಅದರ ವಾರ್ಷಿಕ ಸ್ಫೋಟ ಕೆಲವೇ ದಿನಗಳಲ್ಲಿ ಮಂಕಾಗುತ್ತದೆ. ಬೆಂಗಳೂರಿನ ತಂಡ ಆಸ್ಟ್ರೋಸ್ಯಾಟ್ ಉಪಗ್ರಹ ಮತ್ತು ಹಾನ್ಲೆಯ ದೂರದರ್ಶಕ ಎರಡನ್ನೂ ಅದರತ್ತ ತಿರುಗಿಸಿ ಹಲವು ವರ್ಷಗಳ ಸ್ಫೋಟಗಳನ್ನು ದಾಖಲಿಸಿದೆ.