ಮರಳು ಹಿಡಿದ ಹಡಗಿನ ಲೆಕ್ಕ

ನಡುಗಡಲಲ್ಲಿ ಮುಳುಗಿದ ಹಡಗಿನ ಲೆಕ್ಕವು ಒಡೆಯನಿಗೆ ಬೇಗನೆ ಮುಗಿದುಹೋಗುತ್ತದೆ. ದಡದ ಮರಳಿನಲ್ಲಿ ಹೂತು ನಿಂತ ಹಡಗಿನ ಲೆಕ್ಕವಾದರೋ ಅಂದಿನಿಂದ ಆರಂಭವಾಗುತ್ತದೆ. ಅದನ್ನು ಬಿಡಿಸಲು ಎಷ್ಟು ಹಣ ತಗಲುತ್ತದೆ, ಅದರಲ್ಲಿ ಸರ್ಕಾರಕ್ಕೆ ಸಲ್ಲುವುದೆಷ್ಟು ಎಂಬುದನ್ನು ನಾವು ಒಂದು ಪ್ರಸಿದ್ಧ ಉಗಿಹಡಗಿನ ಕಥೆಯಿಂದ ತಿಳಿಯೋಣ.

ಇಂಜಿನಿಯರ್ ಬ್ರೂನೆಲ್ ರಚಿಸಿದ 'ಗ್ರೇಟ್ ಬ್ರಿಟನ್' ಎಂಬ ಕಬ್ಬಿಣದ ಹಡಗು 1843ರಲ್ಲಿ ಬ್ರಿಸ್ಟಲ್ ನಗರದಲ್ಲಿ ನೀರಿಗಿಳಿಯಿತು. ಅದಕ್ಕೆ ಸುಮಾರು 1,17,000 ಪೌಂಡು ವೆಚ್ಚವಾಗಿದ್ದಿತು. 1846ನೆಯ ಸೆಪ್ಟೆಂಬರ್ 22ರಂದು ಲಿವರ್‌ಪೂಲಿನಿಂದ ನ್ಯೂಯಾರ್ಕಿಗೆ ಹೊರಟ ಈ ಹಡಗು ದಾರಿ ತಪ್ಪಿ, ಐರ್ಲೆಂಡಿನ ಡಂಡ್ರಮ್ ಕೊಲ್ಲಿಯ ಮರಳನ್ನೇರಿ ನಿಂತಿತು. ಪ್ರಯಾಣಿಕರೆಲ್ಲರೂ ಕ್ಷೇಮವಾಗಿ ದಡ ಸೇರಿದರು. ಚಳಿಗಾಲದ ಅಲೆಗಳು ಹಡಗನ್ನು ಒಡೆಯದಂತೆ ಸೌದೆಯ ಕಂತೆಗಳನ್ನು ಅಡ್ಡವಾಗಿ ಒಡ್ಡಿ ಕಾಯಬೇಕೆಂದು ಬ್ರೂನೆಲ್ ಸೂಚಿಸಿದನು. ಜೇಮ್ಸ್ ಬ್ರೆಮ್ನರ್ ಮೊದಲಾದವರು ಅದನ್ನು ಮೇಲಕ್ಕೆತ್ತಿ, ಒಡಕುಗಳನ್ನು ಮುಚ್ಚಿ, ನೌಕಾಪಡೆಯ ಹಡಗುಗಳ ನೆರವಿನಿಂದ 1847ನೆಯ ಆಗಸ್ಟ್ 27ರಂದು ನೀರಿಗೆ ಎಳೆದರು. ತಗಲಿದ ವೆಚ್ಚ 34,000 ಪೌಂಡು! ವಿಮೆಯ ಹಣ ಸಾಲದೆ ಕಂಪೆನಿಯ ಬೊಕ್ಕಸ ಬರಿದಾಯಿತು. 1850ರಲ್ಲಿ ಹಡಗನ್ನು ಮಾರಿದಾಗ, ಅದನ್ನು ಬಿಡಿಸಲು ತಗಲಿದಷ್ಟು ಹಣವೂ ಬರಲಿಲ್ಲ. ಮೂಗಿಗಿಂತ ಮೂಗುತಿ ಭಾರವೆಂಬುದು ಇದಕ್ಕೆ ಸರಿಯಾಗಿ ಒಪ್ಪುತ್ತದೆ.

ಒಡೆಯನಿಗೆ ಇಂಥ ಗತಿ ಬಾರದಂತೆ ತಡೆಯುವ ನಿಯಮವೊಂದು ನಾವಿಕ ನ್ಯಾಯದಲ್ಲಿ ಹಿಂದಿನಿಂದಲೂ ಉಂಟು: ಕೆಲಸ ಕೈಗೂಡದಿದ್ದರೆ ಕೂಲಿಯಿಲ್ಲ. ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯು 1908ರಲ್ಲಿ ಹೊರಡಿಸಿದ ಕರಾರುಪತ್ರಕ್ಕೆ ಇದೇ ತಳಹದಿ. ಬಿರುಗಾಳಿಯ ನಡುವೆ ಬೆಲೆಗಾಗಿ ಚೌಕಾಸಿ ಮಾಡುತ್ತ ನಿಲ್ಲಲು ಯಾರಿಗೂ ಬಿಡುವಿರುವುದಿಲ್ಲವಷ್ಟೆ? ಆದುದರಿಂದ ಮೊದಲು ಹಡಗನ್ನು ಉಳಿಸುವುದು, ಬಳಿಕ ಪಂಚಾಯತರು ಅಪಾಯವನ್ನೂ ಕೌಶಲವನ್ನೂ ಉಳಿದ ಸೊತ್ತಿನ ಮೌಲ್ಯವನ್ನೂ ತೂಗಿ ಸಂಭಾವನೆಯನ್ನು ಗೊತ್ತುಮಾಡುವುದು. ಅದು ಉಳಿದ ಸೊತ್ತಿನ ಮೌಲ್ಯವನ್ನು ಮೀರತಕ್ಕದ್ದಲ್ಲ. ಸರಕಿನ ಒಡೆಯರೂ ತಮ್ಮ ಪಾಲನ್ನು ತೆರಬೇಕು. ಇದನ್ನು ಕೇಳಿ ಬೆರಗಾಗುವ ವರ್ತಕರು ಇಂದಿಗೂ ಇಲ್ಲದಿಲ್ಲ.

ಇನ್ನು ಸರ್ಕಾರದ ಶುಲ್ಕ. ಬ್ರಿಟನ್ನಿನ 1894ರ ಹಡಗು ಕಾನೂನಿನಂತೆ, 600 ಪೌಂಡು ಅಥವಾ ಹೆಚ್ಚು ಬೆಲೆಯ ಹಡಗು ಸಂಕಟದಲ್ಲಿದ್ದರೆ ರಿಸೀವರ್ ಎಂಬ ಅಧಿಕಾರಿಗೆ ಮೊದಲ ದಿನ 2 ಪೌಂಡು, ಆಮೇಲೆ ದಿನಕ್ಕೆ 1 ಪೌಂಡು ಸಲ್ಲುತ್ತಿತ್ತು. ಈ ದರದಲ್ಲಿ ಡಂಡ್ರಮ್ಮಿನ ಹನ್ನೊಂದು ತಿಂಗಳನ್ನು ಎಣಿಸಿದರೂ 350 ಪೌಂಡು ಮುಟ್ಟದು. ಆದರೆ ಅಧಿಕಾರಿಯ ನಿಜವಾದ ಬಲವಿದ್ದುದು ಶುಲ್ಕದಲ್ಲಲ್ಲ. ರಕ್ಷಕರಿಗೆ ಹಣವನ್ನಾಗಲಿ ಜಾಮೀನನ್ನಾಗಲಿ ಕೊಡುವವರೆಗೆ ಹಡಗನ್ನು ತಡೆದಿರಿಸುವ ಹಕ್ಕಿನಲ್ಲಿ.

ತಡೆದಿರಿಸುವ ಕೈಯೇ ಬೇಡಿಕೆಯನ್ನೂ ಇಟ್ಟರೆ ಲೆಕ್ಕದ ಸ್ವರೂಪವೇ ಬೇರೆ. 2021ರ ಮಾರ್ಚಿಯಲ್ಲಿ 'ಎವರ್ ಗಿವನ್' ಎಂಬ ಸರಕು ಹಡಗು ಸೂಯೆಜ್ ಕಾಲುವೆಗೆ ಅಡ್ಡಬಿದ್ದು ಆರು ದಿನ ದಾರಿ ಕಟ್ಟಿತು. ಕಾಲುವೆಯ ಆಡಳಿತವು ಮೊದಲು ಕೇಳಿದುದು 91 ಕೋಟಿ 60 ಲಕ್ಷ ಡಾಲರು; ಅದರಲ್ಲಿ 30 ಕೋಟಿ ರಕ್ಷಣೆಯ ಸಂಭಾವನೆ, ಇನ್ನು 30 ಕೋಟಿ ತನ್ನ ಕೀರ್ತಿಗೆ ಬಂದ ಹಾನಿಗೆ. ಬೇಡಿಕೆ 55 ಕೋಟಿಗೆ ಇಳಿದು, ಕಡೆಗೆ ರಾಜಿಯಾಗಿ, ಜುಲೈ 7ರಂದು ಹಡಗಿಗೆ ಬಿಡುಗಡೆಯಾಯಿತು. ರಾಜಿಯ ಮೊತ್ತವನ್ನು ಎರಡು ಪಕ್ಷದವರೂ ಬಹಿರಂಗಪಡಿಸಲಿಲ್ಲ.