ಹಸಿರು ಮೈದಾನಕ್ಕೂ ಒಂದು ಲೆಕ್ಕದ ಪುಸ್ತಕ ಬೇಕು

2024ರ ಮಾರ್ಚ್ ಕೊನೆಯ ವಾರ ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿದ್ದೆ. ಊರಿನ ಹೆಸರಲ್ಲೇ ಕೆರೆ ಇದ್ದರೂ ಆ ಬೇಸಿಗೆಯಲ್ಲಿ ಮಾತೆಲ್ಲ ಬತ್ತಿದ ಕೊಳವೆಬಾವಿಗಳದ್ದೇ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿದ್ದ ವರ್ಷವದು. ಸಂಜೆ ದಾಯಾದಿ ಅಣ್ಣನ ಮನೆಯ ಟಿ.ವಿ.ಯಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಐಪಿಎಲ್ ಪಂದ್ಯ ಬರುತ್ತಿತ್ತು. ಮೂವತ್ತು ವರ್ಷದ ತೆಂಗಿನ ತೋಟ ಕಣ್ಣೆದುರೇ ಒಣಗುವುದನ್ನು ನೋಡುತ್ತಿದ್ದ ಅಣ್ಣ, ಪರದೆಯ ಮೇಲಿನ ಹುಲ್ಲನ್ನು ದಿಟ್ಟಿಸಿ ಕೇಳಿದ: ‘ಅಷ್ಟೊಂದು ಹುಲ್ಲಿಗೆ ನೀರು ಎಲ್ಲಿಂದ ತರ್ತಾರಪ್ಪ?’ ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದ ನನ್ನ ಬಳಿ ಖಚಿತ ಉತ್ತರವಿರಲಿಲ್ಲ.

ಉತ್ತರವನ್ನು ಆಮೇಲೆ ಪತ್ರಿಕಾ ವರದಿಗಳಲ್ಲಿ ಹುಡುಕಬೇಕಾಯಿತು. ರಾಜಧಾನಿಯ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತ್ತು. ಪಂದ್ಯಗಳಿಗೆ ಬೇಕಾದ ಸುಮಾರು 75 ಸಾವಿರ ಲೀಟರ್ ನೀರನ್ನು ಕಬ್ಬನ್ ಉದ್ಯಾನದ ಶುದ್ಧೀಕರಣ ಘಟಕದ ಸಂಸ್ಕರಿತ ನೀರಿನಿಂದ ಒದಗಿಸಲು ಮಂಡಳಿ ಒಪ್ಪಿದೆಯೆಂದು ವರದಿಯಾಗಿತ್ತು. ಕ್ರೀಡಾಂಗಣದ ನೀರಿನ ಬಳಕೆಯ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಆ ವರ್ಷ ವರದಿ ಕೇಳಿತು.

75 ಸಾವಿರ ಲೀಟರ್ ಎಂದರೆ ಎಷ್ಟು? ಗ್ರಾಮೀಣ ಪ್ರದೇಶಗಳಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಜಲಜೀವನ ಮಿಷನ್‌ನ ಮಾನದಂಡ. ಆ ಲೆಕ್ಕದಲ್ಲಿ ಇದು ಸುಮಾರು 1,360 ಜನರ ಒಂದು ದಿನದ ನೀರು. ಸಂಸ್ಕರಿತ ನೀರನ್ನು ಯಾರೂ ಕುಡಿಯುವುದಿಲ್ಲವಾದ್ದರಿಂದ ಈ ಹೋಲಿಕೆ ಪ್ರಮಾಣವನ್ನು ತಿಳಿಯಲಷ್ಟೇ ಸರಿ. ಕೋಟ್ಯಂತರ ಲೀಟರ್ ಕಾವೇರಿ ನೀರನ್ನು ದಿನವೂ ಬಳಸುವ ಮಹಾನಗರಕ್ಕೆ ಇದು ಒಂದು ಹನಿಯೆಂದು ವಾದಿಸುವವರ ಮಾತೂ ಸುಳ್ಳಲ್ಲ. ಆಟವನ್ನು ನಿಲ್ಲಿಸಬೇಕೆಂಬುದು ನನ್ನ ವಾದವೂ ಅಲ್ಲ.

ನಿಲ್ಲಿಸಿದ ಉದಾಹರಣೆಯಿಂದ ಕಲಿಯುವುದೂ ಇದೆ. 2016ರ ಏಪ್ರಿಲ್‌ನಲ್ಲಿ, ಮಹಾರಾಷ್ಟ್ರದ ಬರದ ಹಿನ್ನೆಲೆಯಲ್ಲಿ, ತಿಂಗಳಾಂತ್ಯದ ನಂತರದ ಐಪಿಎಲ್ ಪಂದ್ಯಗಳನ್ನು ಆ ರಾಜ್ಯದಿಂದ ಹೊರಗೆ ನಡೆಸಬೇಕೆಂದು ಬಾಂಬೆ ಹೈಕೋರ್ಟ್ ಆದೇಶಿಸಿತು. ಮುಂಬೈಯಲ್ಲಿ ನಡೆಯಬೇಕಿದ್ದ ಅಂತಿಮ ಪಂದ್ಯ ಮೇ 29ರಂದು ಬೆಂಗಳೂರಿನಲ್ಲಿ ನಡೆಯಿತು. ಅದೇ ಬೇಸಿಗೆಯಲ್ಲಿ ಕರ್ನಾಟಕದ ಹಲವು ತಾಲ್ಲೂಕುಗಳೂ ಬರಪೀಡಿತವಾಗಿದ್ದವು. ಆಟದೊಂದಿಗೆ ನೀರಿನ ಪ್ರಶ್ನೆಯೂ ಗಡಿ ದಾಟಿ ಬಂದಿತೇ ಹೊರತು ಬಗೆಹರಿಯಲಿಲ್ಲ.

ನಮ್ಮ ರಾಜ್ಯ ಕ್ರಿಕೆಟ್ ಸಂಸ್ಥೆ ಈ ವಿಷಯದಲ್ಲಿ ಕಣ್ಣು ಮುಚ್ಚಿ ಕೂತಿಲ್ಲವೆಂಬುದನ್ನು ಒಪ್ಪಬೇಕು. 2015ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಚಾವಣಿಯ ಮೇಲೆ 400 ಕಿಲೋವಾಟ್ ಸೌರ ಘಟಕ ಬಂತು. ಮಳೆನೀರು ಸಂಗ್ರಹದ ವ್ಯವಸ್ಥೆಯಾಯಿತು. 2017ರಲ್ಲಿ ಹುಲ್ಲಿನಡಿಯ ನೀರನ್ನು ಬೇಗನೆ ಹೀರಿ ತೆಗೆಯುವ ಸಬ್‌ಏರ್ ಯಂತ್ರ ಬಂತು. ಬೆಂಗಳೂರಿನ ತಂಡ 2011ರಿಂದ ವರ್ಷಕ್ಕೊಂದು ಪಂದ್ಯವನ್ನು ಹಸಿರು ಅಂಗಿ ತೊಟ್ಟು ಆಡುವ ಪರಿಪಾಠ ಬೆಳೆಸಿತು. 2023ರ ಪ್ಲೇಆಫ್ ಪಂದ್ಯಗಳಲ್ಲಿ ರನ್ ಬಾರದ ಪ್ರತಿ ಎಸೆತಕ್ಕೆ 500 ಸಸಿ ನೆಡುವುದಾಗಿ ಭಾರತೀಯ ಕ್ರಿಕೆಟ್ ಮಂಡಳಿ ಘೋಷಿಸಿತು.

ಇವೆಲ್ಲ ಯಾರಿಗೆ ಹೇಗೆ ಕಾಣುತ್ತವೆ ಎಂಬುದೇ ಮುಖ್ಯ. ಪದಾಧಿಕಾರಿಗೆ ಇದು ಸಾಧನೆ, ಪ್ರಾಯೋಜಕನಿಗೆ ಪ್ರಚಾರ. ಟಿಕೆಟ್ ಕೊಂಡ ಪ್ರೇಕ್ಷಕನಿಗೆ ಮೂರೂವರೆ ಗಂಟೆಯ ಆಟ ಚೆನ್ನಾಗಿದ್ದರೆ ಸಾಕು. ಬಿಸಿಲಲ್ಲಿ ಹುಲ್ಲು ಕಾಯುವ ಮೈದಾನದ ಸಿಬ್ಬಂದಿಗೆ ನೀರು ಎಂದರೆ ಅಂದಿನ ಕೆಲಸ. ಇವರೆಲ್ಲ ಆಟದ ಪಾಲುದಾರರೇ. ಆದರೆ ಟ್ಯಾಂಕರಿಗೆ ದುಬಾರಿ ಹಣ ತೆತ್ತ ನಗರದಂಚಿನ ಗೃಹಿಣಿಯಾಗಲೀ, ತೆಂಗು ಕಳೆದುಕೊಂಡ ರೈತನಾಗಲೀ ಯಾವ ಸಭೆಗೂ ಕರೆಸಿಕೊಳ್ಳದ ಪಾಲುದಾರರು. ಲಾಭ ಒಬ್ಬರದು, ವೆಚ್ಚ ಇನ್ನೊಬ್ಬರದು ಆದಾಗ ಮಾರುಕಟ್ಟೆಯ ಬೆಲೆ ಸತ್ಯ ಹೇಳುವುದಿಲ್ಲವೆಂಬುದು ಅರ್ಥಶಾಸ್ತ್ರದ ಹಳೆಯ ಪಾಠ. ಅಂಥಲ್ಲಿ ಬೆಲೆಯ ಬದಲು ಲೆಕ್ಕವಾದರೂ ಬಹಿರಂಗವಾಗಬೇಕು.

ಬರ ಪರಿಹಾರದ ಕೆಲಸದಲ್ಲಿದ್ದಾಗ ನಾವು ಹಳ್ಳಿಗೆ ಕಳಿಸಿದ ಪ್ರತಿ ಟ್ಯಾಂಕರಿನ ಪ್ರತಿ ಟ್ರಿಪ್ಪಿಗೂ ಲಾಗ್ ಪುಸ್ತಕದಲ್ಲಿ ಗ್ರಾಮಸ್ಥರ ಸಹಿ ಬೇಕಿತ್ತು. ಸಹಿ ಇಲ್ಲದಿದ್ದರೆ ಬಿಲ್ಲು ಪಾಸಾಗುತ್ತಿರಲಿಲ್ಲ. ಬಿಂದಿಗೆ ಹಿಡಿದು ಸಾಲು ನಿಂತವರ ನೀರಿಗೆ ಅಷ್ಟು ಬಿಗಿಯಾದ ಲೆಕ್ಕವಿದ್ದರೆ, ಆಟದ ಹುಲ್ಲಿನ ನೀರಿಗೆ ಏಕೆ ಬೇಡ? ಸಸಿಗಳ ವಿಷಯವೂ ಹಾಗೆಯೇ. ಕಳೆದ ವರ್ಷದ ಗುಂಡಿಯಲ್ಲೇ ಈ ವರ್ಷದ ವನಮಹೋತ್ಸವ ನಡೆಯುವುದನ್ನು ಕಣ್ಣಾರೆ ಕಂಡವನು ನಾನು. ನೆಟ್ಟದ್ದೆಷ್ಟು ಎಂಬುದಕ್ಕಿಂತ ಮೂರು ವರ್ಷದ ಮೇಲೆ ಉಳಿದದ್ದೆಷ್ಟು ಎಂಬುದೇ ನಿಜವಾದ ಅಂಕಿ.

ಆದ್ದರಿಂದ ನನ್ನ ಸಲಹೆ ಸರಳ. ದೊಡ್ಡ ಕ್ರೀಡಾಂಗಣ ನಡೆಸುವ ಪ್ರತಿ ಸಂಸ್ಥೆಯೂ ವಾರ್ಷಿಕ ಜಮಾಖರ್ಚಿನ ಜೊತೆಗೆ ನೀರಿನ ಜಮಾಖರ್ಚನ್ನೂ ಲೆಕ್ಕಪರಿಶೋಧನೆಗೆ ಒಳಪಡಿಸಿ ಪ್ರಕಟಿಸಲಿ. ನದಿ ನೀರೆಷ್ಟು, ಕೊಳವೆಬಾವಿಯದೆಷ್ಟು, ಮಳೆಯದೆಷ್ಟು, ಸಂಸ್ಕರಿತವೆಷ್ಟು ಎಂದು ಬೇರೆ ಬೇರೆ ತೋರಿಸಲಿ. ಸೌರ ವಿದ್ಯುತ್ತಿನ ಎದುರಿಗೆ ಡೀಸೆಲ್ ಜನರೇಟರಿನ ಖರ್ಚನ್ನೂ, ಪಂದ್ಯದ ಮರುದಿನ ಎತ್ತಿದ ಕಸ ಎಲ್ಲಿಗೆ ಹೋಯಿತೆಂಬುದನ್ನೂ ಬರೆಯಲಿ. ಬರ ಘೋಷಣೆಯಾದ ವರ್ಷ ಮೈದಾನಕ್ಕೆ ಸಂಸ್ಕರಿತ ನೀರು ಮಾತ್ರವೆಂಬ ನಿಯಮವಿರಲಿ. 2018ರ ವಿಶ್ವಸಂಸ್ಥೆಯ ‘ಹವಾಮಾನಕ್ಕಾಗಿ ಕ್ರೀಡೆ’ ಒಡಂಬಡಿಕೆಗೆ ಸಹಿ ಹಾಕಿದ ಸಂಸ್ಥೆಗಳು ತಮ್ಮ ಪ್ರಗತಿಯ ವರದಿ ಕೊಡುವ ಹೊಣೆ ಹೊತ್ತಿವೆ. ನಮಗೆ ಅದು ಅಸಾಧ್ಯವೇನಲ್ಲ. ಈಗಾಗಲೇ ಒಳ್ಳೆಯ ಕೆಲಸ ಮಾಡಿದವರಿಗೆ ಲೆಕ್ಕ ತೋರಿಸಲು ಅಂಜಿಕೆ ಏಕೆ?

1933ರಲ್ಲಿ ಕೋಡಿ ಬಿದ್ದ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು. ಹಾಗೆ ಕಾದ ಸೀಮೆಯವರು ಆಟವನ್ನು ದ್ವೇಷಿಸುವುದಿಲ್ಲ. ಅಂದು ಅಣ್ಣನೂ ಕೊನೆಯ ಓವರಿನವರೆಗೆ ಕೂತೇ ನೋಡಿದ. ಅವನು ಕೇಳಿದ್ದು ನೀರು ಎಲ್ಲಿಂದ ಬಂತೆಂಬ ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಕ್ರೀಡಾಂಗಣದ ಬಾಗಿಲಲ್ಲೇ ಬರೆದಿರಬೇಕು.